ಐಸ್ ಕೋಣೆಯಲ್ಲಿ ರೆಕಾರ್ಡಾದ ಅಪ್ಪ

ನನ್ನ ತಮ್ಮನ ಬ್ಯಾಂಡಿನ ಮೊದಲ ಆಲ್ಬಂ ರೆಕಾರ್ಡ್ ಆದದ್ದು ಬೇಲೆಕೇರಿಯ ಒಂದು ಐಸ್ ಕೋಣೆಯಲ್ಲಿ. ಮೀನಿನ ಮೇಲೆ ಹಾಕುವ ಐಸು ಕರಗದಂತೆ ಇಡುವ ಕೋಣೆ ಅದು. ಗೋಡೆಗೆ ಗೇಣು ದಪ್ಪದ ಥರ್ಮಾಕೋಲು, ಬಾಗಿಲಿಗೂ ಥರ್ಮಾಕೋಲು, ಕಿಟಕಿ ಎಂಬುದು ಇಲ್ಲವೇ ಇಲ್ಲ. ಒಳಗಿನ ತಂಪು ಹೊರಗೆ ಹೋಗಬಾರದೆಂದು ಕಟ್ಟಿದ ಕೋಣೆ ಒಳಗಿನ ಗಲಾಟೆಯನ್ನೂ ಹೊರಗೆ ಬಿಡುವುದಿಲ್ಲ ಎಂಬುದು ನನ್ನ ತಮ್ಮನ ಸಂಶೋಧನೆ. ಜೂನ್, ಜುಲೈ ಎರಡು ತಿಂಗಳು ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಸರಕಾರದ ನಿಷೇಧ. ಮೀನೇ ಇಲ್ಲದಿದ್ದರೆ ಐಸು ಯಾರಿಗೆ ಬೇಕು? ತಮ್ಮ ದುಡಿಯುವ ಪರ್ಸಿನ್ ಎಂಬ ದೊಡ್ಡ ಬಲೆಯ ಬೋಟಿನ ಮಾಲಕರದ್ದೇ ಕೋಣೆಯಾದ್ದರಿಂದ ಬೀಗದ ಕೈ ಸುಲಭವಾಗಿ ಸಿಕ್ಕಿತು. "ಹಾಡು ಗೀಡು ಎಂತಾ ಬೇಕಾದ್ರೂ ಮಾಡ್ಕಳ್ಳಿ. ಜುಲೈ ಮುಗಿಯೂದ್ರೊಳಗೆ ಖಾಲಿ ಮಾಡಿ, ಅಷ್ಟೇ" ಎಂದರು ಮಾಲಕರು. ಮೀನಿನ ವಾಸನೆಯ ಬಗ್ಗೆ ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಅವರು ನುಡಿಸುವುದಕ್ಕೆ ಡೆತ್ ಥ್ರ್ಯಾಶ್ ಮೆಟಲ್ ಎಂದು ಹೆಸರು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಗಿಟಾರು ಮತ್ತು ಡ್ರಮ್ಮು ಯಾರು ಮೊದಲು ಮುಗಿಸುತ್ತಾರೆ ಎಂದು ಪಂಥ ಕಟ್ಟಿದ ಹಾಗೆ ಓಡುತ್ತವೆ, ಹಾಡುವವನು ಹೊಟ್ಟೆಯೊಳಗಿಂದ ಗುರುಗುಟ್ಟುತ್ತಾನೆ. ವಿಷಯ ಯಾವಾಗಲೂ ಒಂದೇ: ಸಾವು, ಹೆಣ, ಪ್ರಳಯ, ಪ್ರಳಯದ ನಂತರ ಮತ್ತೆ ಹೆಣ. ಬ್ಯಾಂಡಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರೇ ಅಂಗಿಯ ಮೇಲೆ ಬರೆಸಿಕೊಂಡದ್ದು ಗದ್ದೆಗೆ ಹಾಕಿದ ಮುಳ್ಳಿನ ಬೇಲಿಯ ಹಾಗೆ ಇದೆ, ಇಪ್ಪತ್ತು ವರ್ಷ ಮಕ್ಕಳ ಕೈಬರಹ ಓದಿದ ನನಗೇ ಅದನ್ನು ಓದಲಾಗಲಿಲ್ಲ.

ಬ್ಯಾಂಡಿನಲ್ಲಿ ಇದ್ದವರು ಮೂವರೇ. ಹಾಡುವುದು ಮತ್ತು ಬೇಸ್ ನುಡಿಸುವುದು ನನ್ನ ತಮ್ಮ. ಗಿಟಾರಿನವನು ಕಾರವಾರದವನು, ಯಾವುದೋ ಕಚೇರಿಯಲ್ಲಿ ಗುಮಾಸ್ತ, ಮನೆಯಲ್ಲಿ ಕೊಂಕಣಿ, ರೆಕಾರ್ಡಿಂಗಿನ ಕಂಪ್ಯೂಟರು ಅವನದು. ಡ್ರಮ್ಮಿನವನು ಅಗಸೂರಿನ ರೈತರ ಮನೆಯವನು, ಹೈಸ್ಕೂಲಿನಲ್ಲಿ ನನ್ನ ಶಿಷ್ಯ. ಆಗ ಬೆಂಚು ಬಡಿದು ನನ್ನಿಂದ ಬೈಸಿಕೊಂಡವನು ಈಗ ಅದನ್ನೇ ಎರಡು ಕಾಲು ಸೇರಿಸಿ ಮಾಡುತ್ತಿದ್ದ. ಇಷ್ಟಾದರೂ ನನ್ನನ್ನು ಕಂಡರೆ "ಅಕ್ಕೋರೆ" ಎಂದು ಎದ್ದು ನಿಲ್ಲುತ್ತಿದ್ದ. ನಾನು ಬೇಲೆಕೇರಿಯ ಮನೆಯಿಂದ ದಿನಾ ಅಂಕೋಲೆಗೆ ಹೋಗಿಬರುವ ಕನ್ನಡ ಟೀಚರು. ಈ ಊರಿನಲ್ಲಿ ಟೀಚರಿಗೆ ಅಕ್ಕೋರು ಎನ್ನುತ್ತಾರೆ.

ಅವರ ಸಾಲಿಗೆ ನಾನು ಹೇಗೆ ಸೇರಿದೆ ಎಂದರೆ, ತಪ್ಪು ತಿದ್ದುವ ಚಟದಿಂದ. ತಮ್ಮ ಬರೆದಿಟ್ಟ ಇಂಗ್ಲಿಷ್ ಹಾಡೊಂದು ನನ್ನ ಕೈಗೆ ಸಿಕ್ಕಿತು. ಹದಿನಾಲ್ಕು ಸಾಲು, ಹನ್ನೊಂದು ತಪ್ಪು. ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಬರದ ಭಾಷೆಯಲ್ಲಿ ಸಾಯುವ ಬದಲು ಬರುವ ಭಾಷೆಯಲ್ಲೇ ಸಾಯಬಾರದೇ ಎಂದು ಕೆಳಗೆ ಷರಾ ಬರೆದೆ. ಮಾರನೆಯ ದಿನ ಮೂವರೂ ನಮ್ಮ ಜಗಲಿಗೆ ಬಂದು ಕುಳಿತರು. "ಅಕ್ಕೋರೆ, ಹಂಗಾರೆ ನೀವೇ ಬರ್ಕೊಡಿ" ಎಂದ ಡ್ರಮ್ಮಿನವನು. ನಾನೂ ಬರೆದುಕೊಟ್ಟೆ. ಕೊಳೆತ ಸೂರ್ಯ, ಹುಳುಗಳ ಅರಮನೆ, ಬಿದ್ದ ದೇವರುಗಳ ಬೆನ್ನುಮೂಳೆ, ಎಲ್ಲವೂ ನನ್ನವೇ. ಬೆಳಿಗ್ಗೆ ಒಂಬತ್ತನೆಯ ತರಗತಿಗೆ ಷಟ್ಪದಿ ಬಿಡಿಸಿ ಹೇಳಿ, ಸಂಜೆ ಜಗಲಿಯಲ್ಲಿ ಕುಳಿತು ಹೆಣದ ಪ್ರಾಸ ಹುಡುಕುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಮನಸ್ಸಿಗೆ ಬಹಳ ಹಿತವಾಗಿತ್ತು.

ಆದರೆ ನಮ್ಮದು ಎಂಥ ಮನೆ ಎಂದರೆ, ಡಬ್ಬಿಯಲ್ಲಿ ಅಕ್ಕಿ ಮುಗಿದರೆ "ಮುಗೀತು" ಎನ್ನುವಂತಿಲ್ಲ, "ಹೆಚ್ಚಾಗದೆ", ಅಂದರೆ ಹೆಚ್ಚಾಗಿದೆ, ಎನ್ನಬೇಕು. ದೀಪ ಆರಿಸುವಂತಿಲ್ಲ, ಶಾಂತ ಮಾಡಬೇಕು. ಹೊರಡುವಾಗ ಹೋಗುತ್ತೇನೆ ಎಂದರೆ ಆಯಿ, ಅಂದರೆ ನಮ್ಮ ಅಮ್ಮ, ಹಿಂದಕ್ಕೆ ಕರೆದು ಕೂರಿಸುತ್ತಿದ್ದಳು. ಇಂಥ ಮನೆಯಲ್ಲಿ ಅಕ್ಕ ತಮ್ಮ ಸೇರಿ ಏಳು ಹಾಡಿನಲ್ಲಿ ಅರ್ಧ ಜಗತ್ತನ್ನು ಕೊಲ್ಲುತ್ತಿದ್ದೆವು. ಆಯಿಗೆ ಮಾತ್ರ "ಹಾಡು" ಎಂದಷ್ಟೇ ಹೇಳಿದ್ದೆವು. ಅವಳು ಅದನ್ನು ಭಜನೆ ಎಂದು ತಿಳಿದು, ಗಂಟಲಿಗೆ ಒಳ್ಳೆಯದೆಂದು ತಮ್ಮನಿಗೆ ದಿನಾ ಕಾಳುಮೆಣಸಿನ ಕಷಾಯ ಮಾಡಿಕೊಡುತ್ತಿದ್ದಳು.

ಅಪ್ಪ ಹೋಗಿ ಆಗ ಹದಿನಾಲ್ಕು ವರ್ಷ. ನಲವತ್ತು ವರ್ಷ ಕಡಲಿಗೆ ಹೋದವನು ಸತ್ತದ್ದು ಮನೆಯಲ್ಲಿ, ಮಧ್ಯಾಹ್ನ, ಊಟವಾದ ಮೇಲೆ. ಎದೆನೋವು ಬೆಳಗಿನಿಂದ ಇದ್ದಿರಬೇಕು, ಯಾರಿಗೂ ಹೇಳಲಿಲ್ಲ. "ಸ್ವಲ್ಪ ಬಿಸ್ನೀರು ಕೊಡು" ಎಂದು ಆಯಿಗೆ ಹೇಳಿದ, ಕುಡಿದ, ಗೋಡೆಗೆ ಒರಗಿ ಕುಳಿತ, ಅಷ್ಟೇ. ಅಪ್ಪ ಮಾತಾಡುವ ಮನುಷ್ಯನೇ ಅಲ್ಲ. ಅವನು ಮನೆಗೆ ಬಂದರೂ ಹೋದರೂ ಗೊತ್ತಾಗುತ್ತಿರಲಿಲ್ಲ ಎಂದು ನಾನು ಹೇಳಿದರೆ ಆಯಿ ಒಪ್ಪುವುದಿಲ್ಲ. ನಾನು ಡಿಗ್ರಿಯಲ್ಲಿ ಕನ್ನಡಕ್ಕೆ ಮೊದಲು ಬಂದೆ ಎಂದು ಹೇಳಿದ ದಿನ ಅವನು ನನ್ನ ಮುಖ ನೋಡಿ, ತಲೆ ಆಡಿಸಿ, ಬಲೆ ಸರಿಮಾಡಲು ಕುಳಿತ. ಆ ಸಿಟ್ಟು ನನಗೆ ಇಂದಿಗೂ ಹೋಗಿಲ್ಲ. ಆಯಿಗೆ ಸಿಟ್ಟಿರಲಿಲ್ಲ, ಆದರೆ ಒಂದು ಕೊರಗಿತ್ತು. ಬಿಸಿನೀರು ಕೇಳುವ ಹೊತ್ತಿನಲ್ಲಿ ಅವರು ಇನ್ನೇನೋ ಹೇಳಲಿಕ್ಕಿದ್ದರು, ತಾನು ಒಲೆಯ ಹತ್ತಿರ ಹೋದದ್ದರಿಂದ ಆ ಮಾತು ಹಾಗೇ ಉಳಿದುಹೋಯಿತು ಎಂದು ವರ್ಷಕ್ಕೆ ಒಂದು ಸಲವಾದರೂ ಹೇಳುತ್ತಿದ್ದಳು.

ಜೂನ್ ತಿಂಗಳ ಒಂದು ಭಾನುವಾರ. ನಾನು ಜಗಲಿಯಲ್ಲಿ ಪೇಪರು ತಿದ್ದುತ್ತಿದ್ದೆ. ತಮ್ಮ ಮೊದಲ ಹಾಡಿನ ಹಸಿ ರೆಕಾರ್ಡಿಂಗನ್ನು ಫೋನಿನಲ್ಲಿ ಹಾಕಿ, ಅದನ್ನು ಮೆಟ್ಟಿಲ ಹತ್ತಿರ ಇಟ್ಟು, ಒಳಗೆ ಟವೆಲು ಹುಡುಕಲು ಹೋದ. ಹಸಿ ಅಂದರೆ ಇನ್ನೂ ಏನೂ ತೆಗೆದಿಲ್ಲ, ಸೇರಿಸಿಲ್ಲ. ಮೊದಲು ಅವನು ಗಂಟಲು ಸರಿಮಾಡಿಕೊಳ್ಳುವುದು, ಮತ್ತೆ ಡ್ರಮ್ಮು, ಮತ್ತೆ ಆ ಗುರುಗುಟ್ಟುವಿಕೆ. ನಾನು ತಲೆ ಎತ್ತುವಷ್ಟರಲ್ಲಿ ಆಯಿ ಒಳಗಿನಿಂದ ತಂಬಿಗೆ ನೀರು ಹಿಡಿದುಕೊಂಡು ಬಂದು ಮೆಟ್ಟಿಲ ಮೇಲೆ ನಿಂತಿದ್ದಳು. ಅಂಗಳದಲ್ಲಿ ಯಾರೂ ಇರಲಿಲ್ಲ. ತಂಬಿಗೆ ವಾಲಿ ನೀರು ಸೀರೆಯ ಮೇಲೆ ಚೆಲ್ಲುತ್ತಿತ್ತು.

"ಎಂತಾ ಆಯ್ತೇ ಆಯಿ?" ಎಂದೆ.

"ಅವ್ರ ಸ್ವರ" ಎಂದಳು. "ಅವ್ರು ಬಂದಾರೆ."

ಫೋನಿನಲ್ಲಿ ಆ ಹೊತ್ತಿಗೆ ನನ್ನ ಹುಳುಗಳು ಅರಮನೆ ಕಟ್ಟುತ್ತಿದ್ದವು. ತಮ್ಮ ಟವೆಲು ಹೆಗಲಿಗೆ ಹಾಕಿಕೊಂಡು ಓಡಿಬಂದು ಫೋನು ನಿಲ್ಲಿಸಿದ. "ಆಯೀ, ಅದು ನಾನೇ. ಹಂಗೆ ಹಾಡೂದು ಅದು" ಎಂದ. ಆಯಿ ಅವನ ಬಾಯಿಯನ್ನೇ ನೋಡಿದಳು. "ನೀನು ಹೌದು ಮಗಾ. ನಿನ್ನ ಗಂಟಲಲ್ಲಿ ಅವ್ರು" ಎಂದಳು.

ವಿದ್ಯಾವಂತಳಾದ ನಾನು ತಕ್ಷಣ ವಿವರಿಸಲು ಕುಳಿತೆ. ಧ್ವನಿಪೆಟ್ಟಿಗೆ, ಉಸಿರು, ಅಭ್ಯಾಸ ಎಂದೆಲ್ಲ ಹೇಳಿದೆ. ಆಯಿ ಪೂರ್ತಿ ಕೇಳಿದಳು, ಮೀನಿನ ಪೇಟೆಯಲ್ಲಿ ಚೌಕಾಶಿ ಮಾಡುವವರ ಮಾತನ್ನು ಕೇಳುವ ತಾಳ್ಮೆ ಅವಳಿಗೆ ಇದ್ದೇ ಇದೆ. ಕಡೆಗೆ, "ದೇವ್ರಹತ್ರ ಕೇಳ್ವ" ಎಂದು ಎದ್ದಳು.

ದೇವರ ಹತ್ತಿರ ಕೇಳುವುದು ಎಂದರೆ ನಮ್ಮಲ್ಲಿ ಪ್ರಸಾದ ಕೇಳುವುದು. ದೇವರ ಮೂರ್ತಿಯ ಎಡಕ್ಕೊಂದು ಬಲಕ್ಕೊಂದು ಹೂವಿನ ಎಸಳನ್ನು ಒದ್ದೆ ಮಾಡಿ ಅಂಟಿಸುತ್ತಾರೆ. ಪೂಜೆ ಮಾಡುವ ಗುನಗರು ಪ್ರಶ್ನೆಯನ್ನು ದೇವರ ಮುಂದಿಡುತ್ತಾರೆ. ಬಲದ ಎಸಳು ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಅಲ್ಲ. ಮದುವೆ, ಬಾವಿ, ಬೋಟು, ಎಲ್ಲದಕ್ಕೂ ಹೀಗೆ ಕೇಳಿಯೇ ಮುಂದುವರಿಯುವುದು. ಡೆತ್ ಮೆಟಲ್ ಬಗ್ಗೆ ಅದುವರೆಗೆ ಯಾರೂ ಕೇಳಿರಲಿಕ್ಕಿಲ್ಲ.

ಆಯಿಯ ತವರು ಶೆಟಗೇರಿ, ಅವಳು ನಂಬುವುದು ಅಲ್ಲಿಯ ದೇವರನ್ನೇ. ಮರುವಾರ ಬೆಳಿಗ್ಗೆ ಅವಳು, ನಾನು, ತಮ್ಮ ಹೊರಟೆವು. ಬೇಡವೆಂದರೂ ಉಳಿದಿಬ್ಬರು ಬೈಕಿನಲ್ಲಿ ಹಿಂದೆಯೇ ಬಂದರು. ಮೂರು ಮಂದಿಯ ಕರಿ ಅಂಗಿಯ ಮೇಲೂ ತಲೆಬುರುಡೆ. ಗುನಗರು ಅದನ್ನು ನೋಡಿ, "ಕರೆಂಟಿನ ಕೆಲ್ಸಾ ಮಾಡ್ತೀರಾ?" ಎಂದು ಕೇಳಿದರು. ಟ್ರಾನ್ಸ್‌ಫಾರ್ಮರಿನ ಬೋರ್ಡಿನಲ್ಲಿ ಅಂಥದ್ದೇ ಚಿತ್ರ ಇರುತ್ತದಲ್ಲ. ಗಂಡಸರು ಅಂಗಿ ತೆಗೆಯದೆ ಒಳಗೆ ಬರುವಂತಿಲ್ಲವಾದ್ದರಿಂದ ಮೂರು ತಲೆಬುರುಡೆಗಳೂ ಮಡಚಿಕೊಂಡು ಕಟ್ಟೆಯ ಮೇಲೆ ಕುಳಿತವು. ದೇವರುಗಳ ಬೆನ್ನುಮೂಳೆ ಮುರಿದ ಬ್ಯಾಂಡು ಬರಿಮೈಯಲ್ಲಿ ಕೈಮುಗಿದು ಸಾಲಾಗಿ ನಿಂತಿತು.

"ಈ ಮಗನ ಗಂಟಲಲ್ಲಿ ಬಂದದ್ದು ಇವ್ನ ಅಪ್ಪನ ಸ್ವರವೇ ಹೌದಾದ್ರೆ ಬಲದ ಪ್ರಸಾದ ಕೊಡು ದೇವಾ" ಎಂದರು ಗುನಗರು. ಅವರು ಬಾಯಿ ಮುಚ್ಚುವ ಮೊದಲೇ ಬಲದ ಎಸಳು ಬಿತ್ತು. ಡ್ರಮ್ಮಿನವನು ಉಗುಳು ನುಂಗಿದ್ದು ನನಗೆ ಕೇಳಿಸಿತು. ಆಯಿಯ ಕಣ್ಣಲ್ಲಿ ನೀರು.

ಎರಡನೆಯ ಪ್ರಶ್ನೆ ಆಯಿಯದು. ಅವರಿಗೆ ಏನಾದರೂ ಹೇಳುವುದು ಉಳಿದಿದೆಯೋ? ಎಸಳುಗಳು ಅಂಟಿಕೊಂಡವು. ಕಾಲು ಗಂಟೆ ಹೋಯಿತು, ಅರ್ಧ ಗಂಟೆ ಹೋಯಿತು. ಗುನಗರು ದೇವರನ್ನು ಒಮ್ಮೆ ಬೇಡಿದರು, ಒಮ್ಮೆ ಗದರಿಸಿದರು, ಜಪ್ಪಯ್ಯ ಅಂದರೂ ಬೀಳಲಿಲ್ಲ. ಕೊನೆಗೆ ಅವರೇ ತೀರ್ಮಾನ ಕೊಟ್ಟರು: "ಅದ್ನ ದೇವ್ರು ಹೇಳೂದಿಲ್ಲ ತಂಗಿ. ಅವ್ರದ್ದು ಅವ್ರೇ ಹೇಳ್ತ್ರು. ನೀ ಕಿವಿಗೊಟ್ಟು ಕೇಳು."

ಅಲ್ಲಿಂದ ನಮ್ಮ ಆಲ್ಬಂ ನಮ್ಮ ಕೈತಪ್ಪಿತು. ಆಯಿ ಕೇಳಲು ತಯಾರಾದಳು. ಮಳೆಗಾಲದಲ್ಲಿ ಒಣಮೀನು ಮಾರುವವಳು ಬುಟ್ಟಿಯನ್ನು ಪಕ್ಕದ ಮನೆಯವಳಿಗೆ ಒಪ್ಪಿಸಿ, ದಿನಾ ಛತ್ರಿ ಹಿಡಿದು ಐಸ್ ಕೋಣೆಯ ಬಾಗಿಲಿಗೆ ಹೋಗಿ, ಬೋರಲು ಹಾಕಿದ ಮೀನಿನ ಕ್ರೇಟಿನ ಮೇಲೆ ಕುಳಿತುಕೊಳ್ಳುತ್ತಿದ್ದಳು. ಗೇಣು ದಪ್ಪದ ಥರ್ಮಾಕೋಲಿನ ಈಚೆ ಒಂದಕ್ಷರವೂ ಕೇಳುವುದಿಲ್ಲ. ಯಾರಾದರೂ ಬಾಗಿಲು ತೆಗೆದು ಹೊರಗೆ ಬಂದರೆ, "ಎಂತಾ ಹೇಳ್ದ್ರು?" ಎಂದು ಕೇಳುವಳು.

ಒಳಗಿನ ಮೂವರ ಸ್ಥಿತಿ ನೋಡುವ ಹಾಗಿತ್ತು. ಡ್ರಮ್ಮಿನವನು ಅಗಸೂರಿನಿಂದ ಲಿಂಬೆಹಣ್ಣು, ಮೆಣಸು ತಂದು ಬಾಗಿಲಿಗೆ ಕಟ್ಟಿದ. ಆಲ್ಬಮ್ಮಿನ ಮುಖಚಿತ್ರಕ್ಕೆ ಹೆಣಗಳು ಜೋತಾಡುವ ಮರವನ್ನು ತಾನೇ ಕುಳಿತು ಬರೆದ ಗಿಟಾರಿನವನು, ಇದೆಲ್ಲ ಬರೀ ಮನಸ್ಸಿನ ಕಲ್ಪನೆ ಎಂದು ಎಲ್ಲರಿಗೂ ಭಾಷಣ ಮಾಡಿ, ಗಿಟಾರನ್ನು ಬಾಗಿಲ ಹತ್ತಿರಕ್ಕೆ ಎಳೆದುಕೊಂಡ. ತಮ್ಮನದು ಬೇರೆಯೇ ಸಂಕಟ. ಬಾಯಿ ತೆರೆದರೆ ಅಪ್ಪ ಬರುತ್ತಾನೋ ತಾನು ಬರುತ್ತೇನೋ ಎಂಬ ಅಳುಕಿನಲ್ಲಿ ಅವನ ಗುರುಗುಟ್ಟುವಿಕೆ ಬೆಕ್ಕು ಮುದ್ದಿಗೆ ಬಂದ ಹಾಗೆ ಆಗಿಹೋಯಿತು. ಅಪ್ಪ ಹೋದಾಗ ಅವನಿಗೆ ಹನ್ನೆರಡು ವರ್ಷ. "ಅಕ್ಕಾ, ಅಪ್ಪನ ಸ್ವರ ಹೆಂಗಿತ್ತು?" ಎಂದು ಒಂದು ದಿನ ಕೇಳಿದ. ನಾನು ನೆನಪು ಮಾಡಿಕೊಳ್ಳಲು ನೋಡಿದೆ. ನನಗೂ ನೆನಪಿರಲಿಲ್ಲ.

ಒಂದು ಸಂಜೆ ಆಯಿ ನನ್ನ ಮುಂದೆ ಬಂದು ಕುಳಿತಳು. "ನೀ ಕನ್ನಡ ಅಕ್ಕೋರು. ಆ ಹಾಡಲ್ಲಿ ಅವ್ರು ಎಂತಾ ಹೇಳ್ತ್ರು, ಬಿಡ್ಸಿ ಹೇಳು."

ಹೇಳದೆ ಉಪಾಯವಿರಲಿಲ್ಲ. "ಕೊಳೆತ ಸೂರ್ಯನ ಹೊಟ್ಟೆ ಸೀಳಿ, ಹುಳುಗಳಿಗೊಂದು ಅರಮನೆ ಕಟ್ಟಿ" ಎಂದು ಎರಡು ಸಾಲು ಹೇಳಿದೆ. ನನ್ನದೇ ಬರಹ ಅಷ್ಟು ಪೊಳ್ಳಾಗಿ ನನಗೆ ಎಂದೂ ಕೇಳಿಸಿರಲಿಲ್ಲ.

ಆಯಿ ಒಪ್ಪಲಿಲ್ಲ. "ಹುಳದ ಸುದ್ದಿ ಅವ್ರು ಯಾಕೆ ಮಾತಾಡ್ತ್ರು? ಒಣಮೀನಿಗೆ ಹುಳ ಬಿದ್ದದ್ದು ಕಂಡ್ರೆ ಅವತ್ತು ಊಟವೇ ಬಿಡ್ತಿದ್ರು."

"ಅದು ಬರೀ ಹಾಡಿಂದು ಆಯಿ" ಎಂದೆ. ಆಮೇಲೆ, ಅವಳ ಮುಖ ನೋಡಲಾಗದೆ, ಒಂದು ಸುಳ್ಳು ಹೇಳಿಬಿಟ್ಟೆ. "ಅಪ್ಪನ ಮಾತು ಇನ್ನೂ ಬರಲಿಲ್ಲ. ಕಡೇ ಹಾಡಲ್ಲಿ ಬತ್ತದೆ."

ಅವಳು ನಂಬಿದಳು. ಆಗ ಕಡೆಯ ಹಾಡೆಂಬುದು ಹುಟ್ಟಿಯೇ ಇರಲಿಲ್ಲ. ಏಳು ಹಾಡು ಹೇಗೋ ಎಳೆದಾಡಿ ಮುಗಿದಿದ್ದವು, ಎಂಟನೆಯದಕ್ಕೆ ಡ್ರಮ್ಮಿನ ಧಡಧಡವಷ್ಟೇ ಇತ್ತು. ಜುಲೈ ಮುಗಿಯಲು ಒಂದು ವಾರ. ಕೋಣೆ ಖಾಲಿ ಮಾಡಬೇಕು, ತಮ್ಮ ಬೋಟು ಹತ್ತಬೇಕು. ಅಷ್ಟರೊಳಗೆ ಹದಿನಾಲ್ಕು ವರ್ಷದ ಹಿಂದೆ ಉಳಿದುಹೋದ ಮಾತನ್ನು ನಾನು ಬರೆದು ಮುಗಿಸಬೇಕು. ನಾನು ಮಕ್ಕಳಿಗೆ ಕೊಡುವ ಪ್ರಬಂಧಕ್ಕೂ ಇದಕ್ಕಿಂತ ಹೆಚ್ಚು ದಿನ ಕೊಡುತ್ತೇನೆ.

ಎಷ್ಟೋ ಹಾಳೆ ಹರಿದೆ. ಕೊಳೆತದ್ದು, ಸೀಳಿದ್ದು, ಉರಿದದ್ದು ಎಲ್ಲ ಹೊಡೆದುಹಾಕಿದ ಮೇಲೆ ನಾಲ್ಕು ಸಾಲು ಉಳಿದವು.

ಎದೆ ನೋಯುತ್ತಿತ್ತು, ಹೇಳಲಿಲ್ಲ
ಹೇಳಿದರೆ ನೀನು ಹೆದರುತ್ತಿದ್ದೆ
ಬಿಸಿನೀರು ಬಿಸಿಯಾಗೇ ಇತ್ತು
ಅಷ್ಟೇ ಸಾಕಾಗಿತ್ತು

ಬರೆದು ಮುಗಿಸಿ ಅತ್ತೆ. ಅಪ್ಪನಿಗಾಗಿ ನಾನು ಅತ್ತದ್ದು ಅದೇ ಮೊದಲು, ಹದಿನಾಲ್ಕು ವರ್ಷ ತಡವಾಗಿ, ಡೆತ್ ಮೆಟಲ್ಲಿನ ಕೃಪೆಯಿಂದ. ಸಾಲು ಚೆನ್ನಾಗಿ ಬಂದಿದೆ ಎಂಬ ಸಂತೋಷವೂ ಆ ಅಳುವಿನಲ್ಲಿ ಸೇರಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಡ್ರಮ್ಮಿನವನು ಹಾಳೆಯನ್ನು ಎರಡು ಸಲ ಓದಿ ತಲೆ ಕೆರೆದುಕೊಂಡ. "ಅಕ್ಕೋರೆ, ಇದ್ರಲ್ಲಿ ಹೆಣವೇ ಇಲ್ವಲ್ಲ."

"ಹೆಣ ಅದೆ. ಸರಿಯಾಗಿ ಓದು" ಎಂದೆ. ಅವನು ಮತ್ತೆ ಓದಲಿಲ್ಲ, ಹೋಗಿ ಡ್ರಮ್ಮಿನ ಹಿಂದೆ ಕುಳಿತ.

ಕೋಣೆ ಬಿಡುವ ಹಿಂದಿನ ದಿನ ಬೆಳಿಗ್ಗೆ ಆಯಿಯನ್ನು ಒಳಗೆ ಕರೆದೆವು. ಅವಳು ಮೀಸಲಿಟ್ಟ ಇಸ್ತ್ರಿ ಸೀರೆ ಉಟ್ಟು, ಅಪ್ಪ ಹೋದ ಮೇಲೆ ಬಿಟ್ಟಿದ್ದ ಅಬ್ಬಲಿಗೆ ದಂಡೆ ಮುಡಿದು ಬಂದಿದ್ದಳು. ಗಿಟಾರಿನವನು ದಂಡೆ ಕೆಡದಂತೆ ಹೆಡ್‌ಫೋನು ಕಿವಿಗೆ ಇಟ್ಟ. ತಮ್ಮ ಅವಳಿಗೆ ಬೆನ್ನು ಹಾಕಿ ನಿಂತ, ಮುಖ ನೋಡಿದರೆ ಆಗುವುದಿಲ್ಲ ಎಂದು. ಮತ್ತೆ ಹಾಡಿದ. ಒಂದು ತಿಂಗಳಿನಿಂದ ಸತ್ತೇಹೋಗಿದ್ದ ಅವನ ಗುರುಗುಟ್ಟುವಿಕೆ ಅವತ್ತು ನೆಲದಡಿಯಿಂದ ಎದ್ದು ಬಂತು. ಸಾಲು ನನ್ನದೇ ಆದರೂ ಒಂದು ಪದವೂ ನನಗೆ ತಿಳಿಯಲಿಲ್ಲ, ಆ ಸಂಗೀತದ ಗುಣವೇ ಅದು. ಹಾಡು ಮುಗಿಯಿತು. ಡ್ರಮ್ಮಿನವನು ಕೋಲು ಕೆಳಗಿಟ್ಟು ಕಣ್ಣೊರಸಿಕೊಂಡ.

ಆಯಿ ಹೆಡ್‌ಫೋನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು.

"ಇದು ಅವ್ರಲ್ಲ" ಎಂದಳು.

ತಮ್ಮ ತಿರುಗಿ ನೋಡಿದ.

"ಎದೆ ನೋಯ್ತಿತ್ತು, ಹೇಳ್ಲಿಲ್ಲ, ಹೇಳಿದ್ರೆ ನೀನು ಹೆದ್ರತಿದ್ದೆ. ಇಷ್ಟೆಲ್ಲ ಅವ್ರು ಯಾವಾಗ ಮಾತಾಡಿದ್ರು? ಇದು ನಿಂದು ಕೆಲ್ಸ" ಎಂದು ನನ್ನ ಕಡೆ ತಿರುಗಿದಳು. "ಗನಾ ಬರ್ದೀ, ಚೆಂದ ಅದೆ. ಆದ್ರೆ ನಿಂದು."

ಆ ಇಡೀ ಆಲ್ಬಮ್ಮಿನಲ್ಲಿ ಮಾತು ಬಿಡಿಸಿ ಕೇಳಿಸಿಕೊಂಡ ಏಕೈಕ ವ್ಯಕ್ತಿ ನನ್ನ ಆಯಿ. ಮೂವತ್ತು ವರ್ಷ ಮೀನುಪೇಟೆಯ ಗದ್ದಲದಲ್ಲಿ ಯಾರು ಎಷ್ಟಕ್ಕೆ ಕೇಳಿದರು ಎಂದು ತಪ್ಪದೆ ಹಿಡಿದ ಕಿವಿ ಅದು. ನನಗೆ ನಾಚಿಕೆಯಾಯಿತು. ಕಳ್ಳತನದಲ್ಲಿ ಸಿಕ್ಕಿಬಿದ್ದ ನಾಚಿಕೆ.

"ಹಂಗಾರೆ ಅವತ್ತು ಮನೇಲಿ ಕೇಳಿದ್ದು?" ಎಂದು ತಮ್ಮ ಕೇಳಿದ. "ಅದೂ ಹಿಂಗೇ ಅಲ್ದಾ ಕೂಗಿದ್ದು?"

"ಕೂಗಿದ್ದು ಅಲ್ವೋ ತಮಾ. ಅದು ನೀನು ಅಂದೆಳಿ ನಂಗೆ ಗೊತ್ತಿಲ್ವಾ? ಕೂಗೂಕಿಂತ ಮೊದ್ಲು" ಎಂದಳು ಆಯಿ. ಆಮೇಲೆ ಸೆರಗು ಬಾಯಿಗೆ ಹಿಡಿದು, ಸ್ವಲ್ಪ ನಾಚಿಕೊಂಡು, ಗಂಟಲು ಸರಿಮಾಡಿ ತೋರಿಸಿದಳು. ಒಂದು ಗಿಡ್ಡದು, ಒಂದು ಉದ್ದದ್ದು.

ಆಗ ನನಗೆ ನೆನಪಾಯಿತು. ನಮ್ಮ ಕಡೆ ಗಂಡಸರು ಸುಮ್ಮನೆ ಮನೆಯೊಳಗೆ ನುಗ್ಗುವುದಿಲ್ಲ. ಒಳಗೆ ಹೆಂಗಸರಿರುತ್ತಾರೆ, ಬಂದದ್ದು ಗೊತ್ತಾಗಬೇಕು, ಅದಕ್ಕೆ ಅಂಗಳದಲ್ಲೇ ಒಮ್ಮೆ ಗಂಟಲು ಸರಿಮಾಡುತ್ತಾರೆ. ಕಡಲಿನಿಂದ ಬಂದ ಅಪ್ಪ ಅಂಗಳದಲ್ಲಿ ಹಾಗೆ ಮಾಡುತ್ತಿದ್ದ, ಒಂದು ಗಿಡ್ಡದು, ಒಂದು ಉದ್ದದ್ದು. ಆಯಿ ಕಾಲು ತೊಳೆಯಲು ತಂಬಿಗೆ ನೀರು ತಂದು ಮೆಟ್ಟಿಲ ಮೇಲೆ ಇಡುತ್ತಿದ್ದಳು. ದಿನಾ. ಅವಳು ಅಂದು ನೀರು ಹಿಡಿದು ಬಂದದ್ದನ್ನು ಕಣ್ಣಾರೆ ಕಂಡೂ ನನಗೆ ಹೊಳೆದಿರಲಿಲ್ಲ.

"ಎಂತಾ ಹೇಳೂಕಿತ್ತು ಅವ್ರಿಗೆ ಅಂದೆಳಿ ಕೇಳ್ತಾ ಕೂತಿದ್ದೆ" ಎಂದಳು ಆಯಿ. "ಅದ್ರ ಮುಂದೆ ಎಂತಾದ್ರೂ ಬತ್ತದಾ ಅಂತ. ಇಲ್ದಿದ್ರೂ ಅಡ್ಡಿಲ್ಲ. ಅದೊಂದು ಮತ್ತೆ ಹಾಕು ಮಗಾ."

ಗಿಟಾರಿನವನ ಮುಖ ಬಿಳಿಚಿಕೊಂಡಿತು. ಅವನು ಸ್ವಚ್ಛತೆಯ ಮನುಷ್ಯ. ಕಾರವಾರದಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಏಳೂ ಹಾಡಿನ ಹಿಂದೆ ಮುಂದೆ ಇದ್ದ ಕೆಮ್ಮು, ಉಸಿರು, ಕುರ್ಚಿ ಎಳೆದದ್ದು ಎಲ್ಲ ಕತ್ತರಿಸಿ, ಹಳೆಯದನ್ನು ಅಳಿಸಿಹಾಕಿದ್ದ. ತಮ್ಮನ ಫೋನಿನಲ್ಲಿದ್ದ ಹಸಿ ಹಾಡು ಜಾಗ ಸಾಲದೆ ಎಂದೋ ಹೋಗಿತ್ತು. "ದೇವಾ ರೇ" ಎಂದು ಗಿಟಾರಿನವನು ತಲೆಗೆ ಕೈ ಹೊತ್ತ. ಮತ್ತೆ ಧೈರ್ಯ ತಂದುಕೊಂಡು ಆಯಿಯ ಕಡೆ ತಿರುಗಿ, "ಮೌಶಿ, ಅದಕ್ಕೇನಂತೆ, ಇವನು ಈಗ ಮತ್ತೆ ಮಾಡ್ತಾನೆ" ಎಂದ.

ತಮ್ಮ ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿದ. ಆಯಿ ಅಲ್ಲವೆಂದು ತಲೆಯಾಡಿಸಿದಳು. ಮತ್ತೆ ಮಾಡಿದ, ಇನ್ನೂ ಗಿಡ್ಡ, ಇನ್ನೂ ಉದ್ದ. ಹತ್ತು ಸಲ, ಇಪ್ಪತ್ತು ಸಲ. ಪ್ರಳಯ ತರುವ ಗಂಟಲು ಒಂದು ಕೆಮ್ಮು ಕೆಮ್ಮಲಾರದೆ ಬೆವತುಹೋಯಿತು. ಪ್ರತಿ ಸಲವೂ ಆಯಿ ಬೇಸರಿಸದೆ, "ಇದು ನೀನು", "ಇದೂ ನೀನೇ" ಎನ್ನುತ್ತಿದ್ದಳು. ತಮ್ಮ ಕೊನೆಗೆ ಮೈಕು ಬಿಟ್ಟು ಅವಳ ಕಾಲ ಹತ್ತಿರ ಕುಳಿತು, "ತಪ್ಪಾಯ್ತು ಆಯಿ" ಎಂದು ಅತ್ತ. ಅವಳು ಅವನ ತಲೆ ಸವರುತ್ತ, "ಹೋಗ್ಲಿ ಬಿಡು" ಎಂದಳು. ನಮ್ಮ ಮನೆಯಲ್ಲಿ ಹೇಳಬಾರದ ಮಾತು ಅದು. ಹೇಳಿದ್ದು ಅವಳೇ.

ಆ ಮಾತು ಕೇಳುತ್ತ ನಿಂತಿದ್ದಾಗಲೇ ಹೊಳೆದದ್ದು. ನಾನು ತಪ್ಪು ತಿದ್ದಲು ಹೊರಟವಳಲ್ಲವೇ? ಮೊದಲ ಹಾಡಿನಲ್ಲಿ ತಮ್ಮ ಅಲ್ಪಪ್ರಾಣ ಮಹಾಪ್ರಾಣ ಸರಿಯಾಗಿ ಉಚ್ಚರಿಸಿದ್ದಾನೋ ಇಲ್ಲವೋ ನೋಡಬೇಕೆಂದು ಹಟ ಹಿಡಿದು, ಆ ಹಸಿ ಹಾಡನ್ನು ನನ್ನ ಫೋನಿಗೆ ಕಳಿಸಿಕೊಂಡಿದ್ದೆ. ಶಾಲೆಯ ಸುತ್ತೋಲೆಗಳ ಕೆಳಗೆ ಅದು ಹಾಗೇ ಬಿದ್ದಿತ್ತು, ಒಮ್ಮೆಯೂ ತೆರೆದಿರಲಿಲ್ಲ. ಅವಸರದಲ್ಲಿ ಎರಡು ಸಲ ತಪ್ಪು ಒತ್ತಿದೆ. ಮೂರನೆಯ ಸಲ, ಐಸ್ ಕೋಣೆಯ ಅಂಗಳದಲ್ಲಿ ಯಾರೋ ಬಂದು ನಿಂತ ಹಾಗೆ, ಒಂದು ಗಿಡ್ಡದು, ಒಂದು ಉದ್ದದ್ದು.

ಆಯಿ ಕಣ್ಣು ಮುಚ್ಚಿಕೊಂಡು, "ಹೂಂ" ಎಂದಳು. ಯಾರೋ ಕರೆದದ್ದಕ್ಕೆ ಓಗೊಡುವ ಹೂಂ ಅದು.

ಬೋಟುಗಳು ಕಡಲಿಗೆ ಇಳಿದ ತಿಂಗಳಿನಲ್ಲೇ ಆಲ್ಬಂ ಇಂಟರ್ನೆಟ್ಟಿಗೆ ಬಂತು. ಅದು ಶುರುವಾಗುವುದೇ ನನ್ನ ಫೋನಿನಿಂದ ತೆಗೆದ ಆ ಎರಡು ಸೆಕೆಂಡಿನಿಂದ. ಸ್ವಚ್ಛತೆಯ ಮನುಷ್ಯ ಅದರಲ್ಲಿದ್ದ ಗರಗರವನ್ನೂ ಮುಟ್ಟಲಿಲ್ಲ. ಎಂಟು ಹಾಡು, ನನ್ನ ನಾಲ್ಕು ಸಾಲಿನದೂ ಕೊನೆಗಿದೆ. ಯಾವುದೋ ಚಳಿ ದೇಶದ ಕೇಳುಗನೊಬ್ಬ, ಉಳಿದದ್ದೆಲ್ಲ ಕೇಳಿದ ಹಾಗೆಯೇ ಇದೆ, ಆದರೆ ಮೊದಲ ಆ ಶಬ್ದ ಮಾತ್ರ ಭಯ ಹುಟ್ಟಿಸುತ್ತದೆ ಎಂದು ಬರೆದಿದ್ದಾನಂತೆ. ಹುಳುಗಳ ಅರಮನೆಯ ಬಗ್ಗೆ ಯಾರೂ ಏನೂ ಬರೆದಿಲ್ಲ. ನನಗೆ ಸ್ವಲ್ಪ ಹೊಟ್ಟೆ ಉರಿಯಿತು.

ಆಯಿ ಫೋನಿನಲ್ಲಿ ಅದನ್ನು ಹಾಕುವುದು ಕಲಿತಿದ್ದಾಳೆ. ಎಲ್ಲಿ ಒತ್ತಿದರೆ ಡ್ರಮ್ಮು ಬಡಿಯುವ ಮೊದಲು ನಿಲ್ಲುತ್ತದೆ ಎಂಬುದೂ ಅವಳ ಬೆರಳಿಗೆ ಗೊತ್ತು. ಮುಂದಿನದನ್ನು ಕೇಳೆಂದರೆ, "ಅದೆಲ್ಲ ನಿಮ್ದು, ನೀವೇ ಕೇಳ್ಕಳ್ಳಿ" ಎನ್ನುತ್ತಾಳೆ.

ಮೊನ್ನೆ ರಜೆಯ ದಿನ ಅವಳು ಮೀನು ಮಾರಲು ಅಂಕೋಲೆಗೆ ಹೋಗಿದ್ದಳು, ತಮ್ಮ ಬೋಟಿನಲ್ಲಿದ್ದ, ಜಗಲಿಯಲ್ಲಿ ನಾನೊಬ್ಬಳೇ ಪೇಪರು ತಿದ್ದುತ್ತಿದ್ದೆ. ಸುಮ್ಮನೆ ಫೋನು ತೆಗೆದು ಆ ಎರಡು ಸೆಕೆಂಡು ಹಾಕಿದೆ. ಅಪ್ಪ ನನ್ನೊಡನೆ ಮಾತಾಡಲೇ ಇಲ್ಲ ಎಂದು ಇಷ್ಟು ವರ್ಷ ಸಿಟ್ಟು ಮಾಡಿಕೊಂಡು ಕುಳಿತಿದ್ದೆ. ಅವನು ದಿನಾ ಬಾಗಿಲಿಗೆ ಬಂದು, ನಾನು ಬಂದೆ ಎಂದು ಹೇಳಿಯೇ ಒಳಗೆ ಬರುತ್ತಿದ್ದ. ಪೇಪರು ಬದಿಗಿಟ್ಟು ಎದ್ದೆ, ಒಳಗಿನಿಂದ ತಂಬಿಗೆ ನೀರು ತಂದು ಮೆಟ್ಟಿಲ ಮೇಲೆ ಇಟ್ಟೆ. ಇಟ್ಟ ಮೇಲೆ ಹುಚ್ಚಿಯ ಹಾಗೆ ಅನ್ನಿಸಿತು, ಆದರೆ ತೆಗೆಯಲು ಮನಸ್ಸಾಗಲಿಲ್ಲ. ಸಂಜೆ ಆಯಿ ಬುಟ್ಟಿ ಇಳಿಸಿ, ಆ ನೀರಿನಲ್ಲಿ ಕಾಲು ತೊಳೆದುಕೊಂಡು ಒಳಗೆ ಬಂದಳು. ಯಾರಿಗೆ ಇಟ್ಟದ್ದು ಎಂದು ಕೇಳಲಿಲ್ಲ.